ಡೈರೆಕ್ಟರು ಕೊಂಡೊಯ್ದ ಅಳು

ಚಟ್! ಎರಡು ಹಲಗೆ ಬಡಿಯುವ ಸದ್ದು. ತೊಂಬತ್ತರ ಆಚೀಚಿನ ಆ ಬೇಸಿಗೆಗಳನ್ನು ನೆನೆದರೆ ಬೇರೆಯವರಿಗೆ ಏನೇನು ಕೇಳಿಸುತ್ತದೋ, ನನಗೆ ಇದೊಂದೇ. ಈಗ ಮಗಳು ಬಾಗಿಲು ಬಡಿದರೂ ಬೆಚ್ಚುತ್ತೇನೆ.

ಆಗ ನಾನು ಕಾನ್ವೆಂಟಿನಲ್ಲಿ ಏಳನೇ ಕ್ಲಾಸು. ರಜೆಗೆ ಗುಡೇಕೋಟೆಯ ಅಜ್ಜಿ ಮನೆ. ಆಡು ಕಾಯುವ ಕೊಟ್ರಮ್ಮ ನನ್ನ ಬೆಸ್ಟ್ ಫ್ರೆಂಡ್. ಕವಳಿಹಣ್ಣು ತಿಂದು ಇಬ್ಬರ ನಾಲಿಗೆಯೂ ಕಪ್ಪು. ಆ ವರ್ಷ ಗುಡ್ಡದ ಬುಡಕ್ಕೆ ಸಿನಿಮಾದವರು ಬಂದರು. ಡೈರೆಕ್ಟರು ವಿಯೆಟ್ನಾಮಿನಲ್ಲಿ ಹುಟ್ಟಿ, ಯುದ್ಧಕ್ಕೆ ಹೆದರಿ ಓಡಿದ ಅಪ್ಪ ಅಮ್ಮನ ಜೊತೆ ಪ್ಯಾರಿಸ್ ಸೇರಿದವನಂತೆ. ತನ್ನ ಬಾಲ್ಯದ ಕತೆ ತೆಗೆಯಲು ಅವನ ದೇಶ ಪರ್ಮಿಷನ್ ಕೊಟ್ಟಿರಲಿಲ್ಲ. ‘ಬಡವರ ಊರೆಲ್ಲ ನೋಡಲು ಒಂದೇ’ ಎಂದು ಇಂಗ್ಲಿಷಿನಲ್ಲಿ ನಕ್ಕ. ಅಜ್ಜಿಗೆ ಅದನ್ನು ಹೇಳಿದೆ.

“ಹುಟ್ಟಿದೂರಿನ ಗುರ್ತs ಇಲ್ಲದಾಂವ ಏನ್ ಪಿಚ್ಚರ್ ತೆಗೀತಾನವಾ?” ಅಂದಳು.

ಕ್ಯಾಮೆರಾಕ್ಕೆ ಬೆನ್ನು ಮಾಡಿಸಿ ಕೊಟ್ರಿಯನ್ನು ಕೂರಿಸಿದ. ಮುಖ ಬೇಕಿರಲಿಲ್ಲ ಅವನಿಗೆ, ಅಳು ಬೇಕಿತ್ತು. ಅವಳೋ ಕಿಸಿಕಿಸಿ ನಗುತ್ತಿದ್ದಳು. ಇಂಗ್ಲಿಷೂ ಕನ್ನಡವೂ ಬಲ್ಲವಳು ಅಲ್ಲಿ ನಾನೊಬ್ಬಳೇ. ಅವಳ ಆಡಿನ ಮರಿಯನ್ನು ಕಟುಕರಿಗೆ ಮಾರಿದ್ದಾರೆಂದು ಹೇಳು ಅಂತ ಪಿಸುಗುಟ್ಟಿದ.

“ಬಟ್ ಇಟ್ಸ್ ಎ ಲೈ, ಸರ್.”

“ಯುವರ್ ಇಂಗ್ಲಿಷ್ ಈಸ್ ಬ್ಯೂಟಿಫುಲ್!”

ನನಗೆ ಅಷ್ಟು ಸಾಕಾಯಿತು.

“ಕೊಟ್ರಿ, ನಿಮ್ಮಪ್ಪ ನಿನ್ ಮರೀನ ಕಟುಕ್ರಿಗೆ ಕೊಟ್ಟಾನಂತ.”

ಚಟ್. ಕ್ಯಾಮೆರಾದ ಮುಂದೆ ಕ್ಲ್ಯಾಪ್ ಹಲಗೆ ಬಡಿದರು. ಅವಳು ಅತ್ತಳು. ‘ವನ್ ಮೋರ್’ ಅಂದ. ಸುಮ್ಮನಿರೆಂದು ನನಗೆ ಬೆರಳು ತೋರಿಸಿದ. ಮೂರು ಟೇಕು ಸುಮ್ಮನಿದ್ದೆ.

ಮನೆಗೆ ಓಡಿದ ಕೊಟ್ರಿಗೆ ಮರಿ ಗೂಟದಲ್ಲೇ ಸಿಕ್ಕಿತು. ಮರುದಿನ ಹೋಗಿ, “ಆ ಡೈರೆಕ್ಟರ್ ಹೇಳಿಸಿದ್ದು ಲೇ” ಅಂದೆ.

“ಅವನ ಮಾತು ನನಗೆಲ್ಲಿ ತಿಳೀತಿತ್ತು? ನಾ ನಂಬಿದ್ದು ನಿನ್ನ.”

ಅವನಿಗೆ ಫಾರಿನ್ನಿನಲ್ಲಿ ಪ್ರೈಜು ಬಂತು. ಆ ಅಳು ತನ್ನದೇ ಬಾಲ್ಯದ್ದು ಅಂತ ಪೇಪರಿನವರಿಗೆ ಹೇಳಿದ್ದ, ಕಳ್ಳ. ಮುಂದಿನ ಎರಡು ಪಿಕ್ಚರನ್ನೂ ಸಿ.ಡಿ. ತರಿಸಿ ನೋಡಿದೆ. ಬೇರೆ ದೇಶ, ಬೇರೆ ಮಗು, ಅದೇ ಬೆನ್ನು, ಅದೇ ಅಳು. ಇದಕ್ಕೆ ಕೆರಿಯರ್ ಅನ್ನುತ್ತಾರೆ! ಪ್ರತಿ ಊರಲ್ಲೂ ಅವನಿಗೆ ನನ್ನಂಥ ಒಬ್ಬಳು ಜಾಣೆ ಸಿಕ್ಕಿರಬೇಕು.

ಕೊಟ್ರಿಯನ್ನು ಕಡೆಯ ಸಲ ನೋಡಿದ್ದು ಎಷ್ಟೋ ವರ್ಷದ ಮೇಲೆ, ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ, ಮಿರ್ಚಿ ಕರಿಯುವ ಘಾಟಿನ ನಡುವೆ. ಕಂಕುಳಲ್ಲಿ ಮಗು. ನಾನೇ ಮಾತಾಡಿಸಿದೆ. “ಗುಡೇಕೋಟಿ ಬಸ್ಸು ಇನ್ನಾ ಬಂದಿಲ್ಲ ಕೊಟ್ರವ್ವಾ, ಕುಂದ್ರು ಬಾ.”

ನಕ್ಕಳು, ತಲೆಯಾಡಿಸಿದಳು. ಆಮೇಲೆ ನೆಟ್ಟಗೆ ಹೋಗಿ ಕಂಡಕ್ಟರನ್ನು ಕೇಳಿದಳು:

“ಗುಡೇಕೋಟಿ ಬಸ್ಸು ಬಂದೈತೇನ್ರಿ?”