ಹೆಪ್ಪು ಕೊಡದ ಊರು

ಕಾಯಿಸಿದ ಹಾಲು ಉಗುರುಬೆಚ್ಚಗಾಗಲೆಂದು ಕಾಯುತ್ತಾ ಆಗಾಗ ಬೆರಳು ಅದ್ದಿ ನೋಡುತ್ತಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತ ಮಗಳು ಮೊಬೈಲಿಗೆ ತನ್ನ ಗುಣಾವಗುಣಗಳನ್ನು ಒಪ್ಪಿಸುತ್ತಿದ್ದಳು. ಗದ್ದಲ ಇಷ್ಟವೋ ಮೌನವೋ, ಹೊಸಬರೊಡನೆ ಬೇಗ ಬೆರೆಯುತ್ತೀರೋ ಇಲ್ಲವೋ, ಇಂಥವಕ್ಕೆಲ್ಲ ಉತ್ತರ ಕೊಟ್ಟರೆ ನಮ್ಮ ಸ್ವಭಾವಕ್ಕೆ ಯಾವ ಊರು ಹೊಂದುತ್ತದೆಂದು ಅದು ಹೇಳುತ್ತದಂತೆ. ಹೇಳಿಯೂ ಬಿಟ್ಟಿತು: ಕಡಲ ಪಕ್ಕದ ಸಣ್ಣ ಊರು. ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಡಲು ನೋಡಲು ಹೋಗಿ, ಘಾಟಿಯ ತಿರುವುಗಳಲ್ಲೆಲ್ಲ ವಾಂತಿ ಮಾಡಿಕೊಂಡು ಬಂದ ಹುಡುಗಿ ಇವಳು!

ಅವಳಿಗೆ ಕೆಲಸ ಸಿಕ್ಕಿರುವುದು ವಿಜಯಪುರದಲ್ಲಿ, ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ. ಬರುವುದೋ ಇಲ್ಲವೋ ಎಂದು ಸೋಮವಾರದೊಳಗೆ ತಿಳಿಸಬೇಕು.

"ನನ್ಗೆ ಆ ಊರು ಸೆಟ್ ಆಗಲ್ಲ ಅನ್ಸುತ್ತಮ್ಮ," ಅಂದಳು.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಒಳಗೊಳಗೇ ಆ ಮೊಬೈಲಿಗೆ ಕೈಮುಗಿದೆ. ಇರುವವಳು ಒಬ್ಬಳೇ ಮಗಳು, ತುಮಕೂರಿನಲ್ಲೇ ಏನಾದರೂ ಸಿಗಬಾರದೇ ಎಂಬ ಆಸೆ ನನಗಿತ್ತು. ಅಷ್ಟರಲ್ಲಿ ಹಾಲು ಹದಕ್ಕೆ ಬಂತು. ಹೆಪ್ಪಿನ ಬಟ್ಟಲು ಕೈಗೆತ್ತಿಕೊಂಡೆ, ಗುಬ್ಬಿಯ ದೊಡ್ಡಮ್ಮ ನೆನಪಾದಳು. ಬಟ್ಟಲು ಅವಳದೇ.

ಹೆಣ್ಣು ನೋಡುವ ಶಾಸ್ತ್ರವಿದ್ದಂತೆ ದೊಡ್ಡಮ್ಮನಿಗೆ ಊರು ನೋಡುವ ಶಾಸ್ತ್ರವೊಂದಿತ್ತು. ನಮ್ಮ ಕಡೆಯ ಯಾರೇ ಹೊಸ ಊರಲ್ಲಿ ಮನೆ ಹೂಡಲಿ, ಹಾಲು ಉಕ್ಕಿಸಲು ಅವಳು ಹೋಗಬೇಕು. ಉಕ್ಕಿಸಿ ಉಳಿದ ಹಾಲಿಗೆ ಹೆಪ್ಪನ್ನು ಮಾತ್ರ ಮನೆಯಿಂದ ಒಯ್ಯುವಂತಿಲ್ಲ. ಖಾಲಿ ಬಟ್ಟಲು ಹಿಡಿದು ಅಕ್ಕಪಕ್ಕದಲ್ಲಿ ಕೇಳಬೇಕು. "ಹೆಪ್ಪು ಹೊತ್ಕೊಂಡೇ ಹೋದ್ರೆ ಪಕ್ಕದ್ಮನೆ ಬಾಗ್ಲು ತಟ್ಟೋಕೆ ನೆಪ ಎಲ್ಲೈತೆ?" ಎನ್ನುವುದು ಅವಳ ವಾದ.

ಮದುವೆಯಾಗಿ ನಾನು ತುಮಕೂರಿಗೆ ಬಂದಾಗಲೂ ಹಾಗೇ ಆಯಿತು. ನನ್ನ ಗಂಡನಿಗೆ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಬಾಡಿಗೆ ಮನೆ ಉಪ್ಪಾರಹಳ್ಳಿಯಲ್ಲಿ. ನಾನೋ ಹುಲಿಯೂರುದುರ್ಗದವಳು. ಬಸ್ಸು ಕುಣಿಗಲ್ ಮುಟ್ಟುವುದರೊಳಗೆ ಪಕ್ಕದ ಸೀಟಿನವರ ಸೊಸೆಯ ಬಾಣಂತನದವರೆಗೆ ವಿಚಾರಿಸಿಕೊಳ್ಳುವ ಬಾಯಿ ನನ್ನದು. ಇಲ್ಲಿ ನೋಡಿದರೆ ಬೀದಿಯುದ್ದಕ್ಕೂ ಮುಚ್ಚಿದ ಬಾಗಿಲು. ಈ ಊರಿಗೂ ನನಗೂ ಜಾತಕ ಕೂಡುವುದಿಲ್ಲವೆಂದು ಆಗಲೇ ತೀರ್ಮಾನಿಸಿದ್ದೆ.

ದೊಡ್ಡಮ್ಮನ ಬಸ್ಸು ತಡವಾಗಿ, ಹಾಲು ಉಕ್ಕಿಸುವಾಗ ಸಂಜೆಯಾಗಿತ್ತು. ಅವಳು ಕಾಲುನೋವೆಂದು ಚಾಪೆಯ ಮೇಲೆ ಉರುಳಿಕೊಂಡಳು. ಬಟ್ಟಲು ಹಿಡಿದು ನಾನೇ ಹೊರಟೆ. ಎಡಮನೆಯಾಕೆ ಬಾಗಿಲು ತೆಗೆದು, "ದೀಪ ಹಚ್ಚಾಯ್ತಲ್ಲಮ್ಮ, ಬೆಳಿಗ್ಗೆ ಬನ್ನಿ," ಅಂದರು. ಎದುರು ಮನೆಯವರು ನನ್ನನ್ನೂ ಬಟ್ಟಲನ್ನೂ ನೋಡಿ, "ಈಗ್ಲಾ?" ಎಂದಷ್ಟೇ ಕೇಳಿದರು. ಉರಿದುಹೋಯಿತು ನನಗೆ. ಮನೆಗೆ ಬಂದವಳೇ ಬಟ್ಟಲು ಕುಕ್ಕಿದೆ.

"ಒಂದು ಚಮಚ ಹೆಪ್ಪು ಕೊಡದ ಊರು! ನಾನು ನಾಳೆನೇ ದುರ್ಗಕ್ಕೆ ಹೋಗ್ತೀನಿ. ಇವ್ರು ಬೇಕಾದ್ರೆ ಅಲ್ಲಿಂದ್ಲೇ ಬಸ್ಸಲ್ಲಿ ಓಡಾಡ್ಲಿ."

ಗಂಡ ಪಾಪ, ಗೋಡೆಗೆ ಮೊಳೆ ಹೊಡೆಯುತ್ತಿದ್ದವರು ಸುತ್ತಿಗೆ ಹಿಡಿದೇ ನಿಂತರು. ದೊಡ್ಡಮ್ಮ ಎದ್ದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಪೆದ್ದೀ, ದೀಪ ಹಚ್ಚಿದ್ಮೇಲೆ ಯಾರಾನಾ ಹೆಪ್ಪು ಕೊಡ್ತಾರೇನೇ? ಲಕ್ಷ್ಮೀನ ಹೊರಗೆ ಕಳಿಸ್ದಂಗೆ ಅಲ್ವಾ? ಗುಬ್ಬೀಲಿ ನೀನು ಬಂದು ಕೇಳಿದ್ರೂ ನಾನು ಕೊಡ್ತಿರ್ಲಿಲ್ಲ. ಇವ್ರೂ ನಮ್ಮಂಗೇ ಅವ್ರೆ ಬುಡು. ಬೆಳಿಗ್ಗೆ ಗಂಟ ತಡ್ಕೊ."

ನಾನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಪದ್ಧತಿ. ಊರಿನ ಮೇಲಿನ ಸಿಟ್ಟಿನಲ್ಲಿ ಮರೆತೇಹೋಗಿತ್ತು.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರೆ ಎಡಮನೆಯಾಕೆ ಲೋಟದಲ್ಲಿ ಮೊಸರು ಹಿಡಿದು ನಿಂತಿದ್ದರು. "ಹೊಸಬ್ರು, ಇಲ್ಲ ಅಂದ್ಬಿಟ್ನಲ್ಲಾ ಅಂತ ನಿದ್ದೆನೇ ಬರ್ಲಿಲ್ಲ ಕಣ್ರೀ," ಅಂದರು. ಆಮೇಲೆ ಒಳಗೆ ಬಂದು ಕೂತವರು, ಅವರ ಮನೆಯ ಕುಕ್ಕರ್ ಕೂಗಿ ಕೂಗಿ ಸಾಕಾಗುವ ತನಕ ಏಳಲಿಲ್ಲ. ನನಗೇ ಬಾಯಿ ಹಾಕಲು ಸಂದು ಸಿಗಲಿಲ್ಲ ಅಂದರೆ ನೀವೇ ಲೆಕ್ಕ ಹಾಕಿ! ನಾನು ದುರ್ಗಕ್ಕೆ ಹೋಗಿದ್ದು ಮುಂದೆ ಹಬ್ಬಹರಿದಿನಗಳಿಗೆ ಮಾತ್ರ. ಇವತ್ತಿಗೆ ತುಮಕೂರು ಬಿಟ್ಟರೆ ನನಗೆ ಎಲ್ಲೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಗಿತ್ತು. ನನ್ನನ್ನು ಈ ಊರಲ್ಲಿ ನಿಲ್ಲಿಸಿದ ದೊಡ್ಡಮ್ಮನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು, ಮಗಳು ಹೋಗದಿರಲಿ ಎಂದು ಬಯಸುತ್ತಿದ್ದೆನಲ್ಲ. ಹೆಪ್ಪನ್ನು ಹಾಲಿಗೆ ಬಿಟ್ಟು, ಬಟ್ಟಲು ತೊಳೆದು, ಒರೆಸಿ ಅವಳ ಮುಂದಿಟ್ಟೆ.

"ತಗೊಂಡು ಹೋಗು."

"ಖಾಲಿನಾ?"

"ಖಾಲಿನೇ."

ಅವಳು ಬಟ್ಟಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೊಬೈಲು ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಅಮ್ಮಾ, ವಿಜಯಪುರದಲ್ಲಿ ಎಷ್ಟೊತ್ತಿಗೆ ದೀಪ ಹಚ್ತಾರೆ?"

ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾ ಹೇಳಿದೆ: "ನಂಗೇನ್ ಗೊತ್ತೇ? ಹೋದ್ಮೇಲೆ ನೀನೇ ಫೋನ್ ಮಾಡಿ ಹೇಳು."