ಸೆರಗಿನೊಳಗಿನ ಕ್ಯಾಮೆರಾ

ಬೀದರಿನ ಮೈಲೂರಿನಲ್ಲಿ ನಮ್ಮ ಮನೆ. ಮದುವೆ, ತೊಟ್ಟಿಲು ಅಂತ ಭಾಲ್ಕಿ, ಔರಾದ ಕಡೆಯೆಲ್ಲ ಫೋಟೋ ತೆಗೆಯಲು ತಿರುಗುವುದು ನನ್ನ ಕೆಲಸ. ಒಂದು ಶ್ರಾವಣದಲ್ಲಿ ಠಾಣಾ ಕುಶನೂರಿಗೆ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ಮಗುವಿನ ಮುತ್ತಜ್ಜಿ ಆಧಾರ್ ಕಾರ್ಡಿಗೆ ಬಿಟ್ಟರೆ ಎಂದೂ ಫೋಟೋ ತೆಗೆಸಿಕೊಂಡವರಲ್ಲ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವವರು, ಅವತ್ತು ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾವೇ ಕರೆದರು: "ತಗಿ ಯವ್ವಾ, ಇದರ ಸಂಗಟ ಒಂದ್ ಇರಲಿ."

ಅಂಗಳದ ಪೆಂಡಾಲಿನಡಿ ಒಂದೇ ಫೋಟೋ ತೆಗೆದಿದ್ದೆ, ಮಳೆ ಧೋ ಅಂತ ಹೊಡೆಯಿತು. ಮೇಲಿನ ಬಟ್ಟೆ ನೀರು ತುಂಬಿ ಜೋತುಬಿದ್ದು, ಹರಿದು, ಅಷ್ಟೂ ನನ್ನ ಮೇಲೆ ಸುರಿಯಿತು. ತಾಯಿ ಮಗುವನ್ನೆತ್ತಿಕೊಂಡು ಒಳಗೋಡಿದಳು. ಅಜ್ಜಿ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಸೆರಗಿನೊಳಗೆ ಅವಚಿಕೊಂಡು ಪಡಸಾಲೆಗೆ ನಡೆದರು.

ನಾನೂ ಹಿಂದೆಯೇ ಹೋಗಿ, ಅಲ್ಲೇ ಕೂತು ಕ್ಯಾಮೆರಾ ಬಂದ್ ಮಾಡಿ, ಬ್ಯಾಟರಿ, ಮೆಮೊರಿ ಕಾರ್ಡು, ಲೆನ್ಸು ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದೆ. ಕಾರ್ಡಿಗೂ ನೀರು ಹತ್ತಿತ್ತು.

"ಚಾಲೂ ಮಾಡಿ ನೋಡ್ರಿ, ಫೋಟೋ ಬಂದದೇನು?" ಮಗುವಿನ ತಾಯಿ ಕೇಳಿದಳು.

"ಹಸಿ ಇದ್ದಾಗ ಚಾಲೂ ಮಾಡಿದ್ರ ಒಳಗ ಸುಡ್ತದ್ರೀ. ಒಣಗಲಿ."

ಮನೆಗೆ ಬಂದಾಗ ಅತ್ತೆ, "ಅಕ್ಕಿ ಡಬ್ಬ್ಯಾಗ ಇಡು" ಅಂದರು.

"ಬ್ಯಾಡ್ರಿ ಅತ್ತಿ, ಅಕ್ಕಿ ಧೂಳು ಒಳಗ ಹೋಗ್ತದ."

ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುತ್ತವಲ್ಲ, ತೇವ ಹೀರುವ ಸಣ್ಣ ಪೊಟ್ಟಣಗಳು, ಅವನ್ನು ಕೂಡಿಟ್ಟಿದ್ದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅವುಗಳ ನಡುವೆ ಎಲ್ಲವನ್ನೂ ಇಟ್ಟೆ. ಹೊರಗೆ ಮಳೆ ನಿಲ್ಲಲೇ ಇಲ್ಲ. ಡಬ್ಬಿಯ ಮುಂದೆ ಹಾದಾಗಲೆಲ್ಲ ಕೈ ಮುಚ್ಚಳದ ಕಡೆ ಹೋಗುತ್ತಿತ್ತು. ಆ ಫೋಟೋ ಹಾಳಾಗಿದ್ದರೆ, ಅಷ್ಟು ವರ್ಷ ಫೋಟೋ ಬೇಡವೆಂದ ಜೀವಕ್ಕೆ ಇನ್ನೊಮ್ಮೆ ಮನಸ್ಸು ಬಂದೀತೇ ಎಂಬ ಅಂಜಿಕೆ ನನಗೆ. ಅತ್ತೆಯೇ ಕೊನೆಗೆ ಡಬ್ಬಿಯನ್ನು ತಮ್ಮ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದರು.

ಮಳೆ ಬಿಟ್ಟ ಮೇಲೆ ಡಬ್ಬಿ ತೆಗೆದೆವು. ಕ್ಯಾಮೆರಾ ಚಾಲೂ ಆಯಿತು. ಲೆನ್ಸಿನೊಳಗೆ ಅಂಚಿಗೆ ಕೂತ ಮಸುಕು ಹೋಗಲಿಲ್ಲ. ಆ ಲೆನ್ಸನ್ನು ಮತ್ತೆ ಕೆಲಸಕ್ಕೆ ಒಯ್ಯಲಿಲ್ಲ. ಕಾರ್ಡಿನಲ್ಲಿ ಅಜ್ಜಿ ಇದ್ದರು, ಮಗುವಿನ ಮುಷ್ಟಿ ಅವರ ಗಲ್ಲಕ್ಕೆ ತಾಗಿತ್ತು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಠಾಣಾ ಕುಶನೂರಿಗೆ ಬಸ್ಸು ಹತ್ತಿದೆ. ಅಜ್ಜಿ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಸರಿಸಿ ನೋಡಿದರು.

"ಯಾಕ್ರಿ ಅಜ್ಜಿ, ಛಂದ ಬಂದಿಲ್ಲೇನು?"

"ಇಕಿ ನಾ ಅಲ್ಲವ್ವಾ, ನಮ್ಮವ್ವ. ಕಡೀ ಕಾಲಕ್ಕ ಹಿಂಗೇ ಇದ್ಲು. ಆಕಿದೊಂದು ಫೋಟೋ ಇಲ್ಲ ನಮ್ಮ ಮನ್ಯಾಗ."

ಮಗುವಿನ ತಾಯಿ ಗೋಡೆಗೆ ಹಾಕೋಣ ಅಂದಳು. ಅಜ್ಜಿ ಕೊಡಲಿಲ್ಲ. ಹಾಸಿಗೆಯ ಮೇಲೆ ಕೂತು ಇನ್ನೂ ನೋಡುತ್ತಲೇ ಇದ್ದರು.