ಪೊರಕೆಯ ಸದ್ದನ್ನು ನಾನು ಅಳಿಸಿಬಿಟ್ಟಿದ್ದು

2023ರ ಫೆಬ್ರವರಿ. ಬೆಂಗಳೂರಿನ ಜೆ.ಪಿ. ನಗರದ ನಮ್ಮ ಮನೆಯ ಕಾರ್ ಶೆಡ್ಡನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ನಾನು ಸೌಂಡ್ ಇಂಜಿನಿಯರ್ ಆಗಿ ಮೂವತ್ತೊಂದನೇ ವರ್ಷಕ್ಕೆ ಕಾಲಿಟ್ಟಿದ್ದೆ. ಭಕ್ತಿಗೀತೆ, ಭಾವಗೀತೆ, ಸೀರೆ ಅಂಗಡಿಗಳ ಜಾಹೀರಾತು, ಇವೇ ನನ್ನ ಅನ್ನ. ಅಂಥವನ ಬಳಿಗೆ ಹಿಪ್‌ಹಾಪ್ ತಂಡವೊಂದು ತನ್ನ ಮೊದಲ ಆಲ್ಬಂ ಮಾಡಿಸಲು ಬಂತು. ಇದ್ದವರು ಮೂವರೇ. ಹಾಡು ಬರೆದು ಹಾಡುವ ರೇಣುಕಾ ಬನಶಂಕರಿಯವಳು. ಜೊತೆಗೆ ಹಾಡುವ ಬಸು ಬಾಗಲಕೋಟೆ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಕಸ್ಟಮರ್ ಕೇರ್ ಕೆಲಸದಲ್ಲಿದ್ದ. ತಾಳ, ವಾದ್ಯಗಳನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸುವವನು ಜಯನಗರದ ಕಿರಣ.

"ಅಂಕಲ್, ರ‍್ಯಾಪ್ ರೆಕಾರ್ಡ್ ಮಾಡ್ತೀರಾ?" ಎಂದು ರೇಣುಕಾ ಅನುಮಾನದಿಂದಲೇ ಕೇಳಿದಳು.

"ಕನ್ನಡ ತಾನೇ? ಹಾಡಿ, ನೋಡೋಣ."

ಬಸು ಶುರು ಮಾಡಿದ. ಮನೆ ಬಾಡಿಗೆಗೆ ಕೊಡುವ ಮೊದಲು ಜಾತಿ ಕೇಳುವ ಓನರು, ಕೆರೆಯಿದ್ದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟು, ಅಲ್ಲಿಗೆ ನೀರು ಹೊರುವ ಟ್ಯಾಂಕರು. ಕೇಳುತ್ತಾ ನನಗೆ ನಮ್ಮ ತಾತ ನೆನಪಾದರು. ಅವರು ಗಮಕ ವಾಚನ ಮಾಡುವವರು; ನಾನು ಕನ್ನಡ ಕಲಿತದ್ದೇ ಅವರ ತೊಡೆಯ ಮೇಲೆ. ಸಾಲುಸಾಲಿಗೂ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿಸುವ ಹಳೆಯ ಪದ್ಧತಿ ಈ ಹುಡುಗನ ಬಾಯಲ್ಲಿ ತಾನಾಗಿ ಕುಣಿಯುತ್ತಿತ್ತು. ಹೇಳಿದರೆ, "ನಮಗ ಅದೆಲ್ಲ ಗೊತ್ತಿಲ್ರಿ ಸರ, ಬಾಯಿಗೆ ಹಂಗ ಬರ್ತೈತಿ," ಎಂದು ನಕ್ಕ. ಆ ಕ್ಷಣವೇ ನಾನು ಒಪ್ಪಿಕೊಂಡೆ.

ಒಟ್ಟು ಎಂಟು ಹಾಡು. ಎಂಟನೆಯದು ರೇಣುಕಾಳ ತಾಯಿ ಮುನಿಯಮ್ಮನವರ ಮೇಲೆ. ಇಪ್ಪತ್ತಾರು ವರ್ಷ ಬನಶಂಕರಿಯ ರಸ್ತೆಗಳನ್ನು ಗುಡಿಸಿದ ಪೌರಕಾರ್ಮಿಕರು ಅವರು. ಜನವರಿ ಕೊನೆಗೆ ನಿವೃತ್ತರಾಗಿದ್ದರು. ಆ ಹಾಡನ್ನು ಅವರ ಜೊತೆ ಕೆಲಸ ಮಾಡಿದವರನ್ನೆಲ್ಲ ಕರೆದು, ಆಲ್ಬಂ ಬಿಡುಗಡೆಯ ದಿನ ಮೊದಲ ಸಲ ಕೇಳಿಸುವುದು ಮಗಳ ಆಸೆ. ಅಲ್ಲಿಯವರೆಗೆ ತಾಯಿಗೆ ಸುಳಿವೂ ಸಿಗಬಾರದು. ಉಳಿದ ಏಳು ಹಾಡು ಮುಗಿದಾಗ, ಭಾನುವಾರದ ಬಿಡುಗಡೆಗೆ ಒಂದೇ ವಾರ ಉಳಿದಿತ್ತು.

ಎಂಟನೆಯದರ ಮಾತು ಧ್ವನಿಮುದ್ರಣವಾಗಿತ್ತು. "ತಾಳ ಕೊನೆಗೆ ಕೂಡಿಸ್ತೀವಿ ಅಂಕಲ್," ಎಂದಿದ್ದ ಕಿರಣ. ಯಾವ ತಾಳ ಎಂದು ನಾನು ಕೇಳಲಿಲ್ಲ. ಅವನು 'ಅಮ್ಮ' ಎಂದು ಹೆಸರಿಟ್ಟ ರೆಕಾರ್ಡಿಂಗ್ ಒಂದನ್ನು ತನ್ನ ಮೆಮೊರಿ ಕಾರ್ಡಿನಿಂದ ನನ್ನ ಕಂಪ್ಯೂಟರಿಗೆ ಹಾಕಿದ. "ಕಾರ್ಡ್ ಖಾಲಿ ಮಾಡ್ಕೋಪ್ಪ, ನನ್ ಹತ್ರ ಇದ್ದೇ ಇರುತ್ತೆ," ಎಂದು ದೊಡ್ಡದಾಗಿ ಹೇಳಿದವನೂ ನಾನೇ.

ನಾನು ಕ್ಯಾಸೆಟ್ ಕಾಲದವನು. ಟೇಪಿನಲ್ಲಿ ಸದಾ 'ಸ್ಸ್' ಎಂಬ ಸಣ್ಣ ಸದ್ದು ಇರುತ್ತಿತ್ತು. ಅದನ್ನು ಅಡಗಿಸುವುದೇ ನಮ್ಮ ಜಾಣತನ. ಈಗ ಅದಕ್ಕೆ ನಾಯ್ಸ್ ರಿಡಕ್ಷನ್ ಎಂಬ ಸಾಫ್ಟ್‌ವೇರ್ ಇದೆ. ಬೇಡದ ಸದ್ದಿನ ಒಂದು ತುಣುಕನ್ನು ಅದಕ್ಕೆ ತೋರಿಸಿದರೆ ಸಾಕು, ಅಂಥದ್ದನ್ನೆಲ್ಲ ಹುಡುಕಿ ತೆಗೆಯುತ್ತದೆ. ಸೋಮವಾರ 'ಅಮ್ಮ' ತೆರೆದೆ. ಹಕ್ಕಿ, ಸ್ಕೂಟರು, ಸೊಪ್ಪಿನವಳ ಕೂಗು, "ಬಾರೇ, ಟೀ ಕುಡಿಯಣ" ಎನ್ನುವ ಹೆಂಗಸಿನ ದನಿ, ಎಲ್ಲದರ ಮೇಲೆ ಒಂದೇ ಸಮನೆ ಸರ್... ಸರ್... ಎಂಬ ಸದ್ದು. ತಾಯಿಯ ದನಿಗಾಗಿ ರೆಕಾರ್ಡ್ ಮಾಡಿದ್ದಾರೆ, ಪಾಪ, ಹುಡುಗರಿಗೆ ಮೈಕ್ ಹಿಡಿಯಲು ಬಂದಿಲ್ಲ ಎಂದುಕೊಂಡೆ. ಸರ್ ಸರ್ ಎನ್ನುವುದನ್ನೇ ಸಾಫ್ಟ್‌ವೇರಿಗೆ ತೋರಿಸಿದೆ. ಒರೆಸಿದ ಕನ್ನಡಿಯಂತಾಯಿತು. ಹಳೆಯದರ ಮೇಲೆಯೇ ಸೇವ್ ಮಾಡಿ, ಬೆನ್ನು ತಟ್ಟಿಕೊಂಡು ಕಾಫಿಗೆ ಎದ್ದೆ.

ಮಂಗಳವಾರ ಮೂವರೂ ಬಂದು ಕೇಳಿದರು. ಸೊಪ್ಪಿನವಳ ಕೂಗು ಮುತ್ತಿನಂತೆ ಬಂತು. ಕಿರಣ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ.

"ಅಂಕಲ್, ಪೊರಕೆ ಎಲ್ಲಿ?"

"ಯಾವ ಪೊರಕೆ?"

"ಅಮ್ಮ ಗುಡಿಸೋ ಸೌಂಡು! ಅದೇ ನಮ್ ಡ್ರಮ್ಮು ಅಂಕಲ್!"

ಬಸು ತಲೆ ಮೇಲೆ ಕೈ ಹೊತ್ತ. "ಸರ, ನೀವು ಹಾಡನ್ನ ಗುಡಿಸಿ ಹಾಕೀರಲ್ರಿ!"

ಕಿರಣ ನಕ್ಕುಬಿಟ್ಟ. ರೇಣುಕಾ ನಗಲಿಲ್ಲ. "ಅದು ಅಮ್ಮನ ಕೊನೇ ವಾರದ್ದು," ಎಂದಳು ಮೆಲ್ಲಗೆ. "ಇನ್ನ ಅವ್ರು ಡ್ಯೂಟಿಗೆ ಹೋಗಲ್ಲ ಅಂಕಲ್."

ಮೂಲ ರೆಕಾರ್ಡಿಂಗ್ ನನ್ನ ಕಂಪ್ಯೂಟರಿನಲ್ಲೂ ಇರಲಿಲ್ಲ, ಖಾಲಿ ಮಾಡಿಸಿದ್ದ ಕಾರ್ಡಿನಲ್ಲೂ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಪೊರಕೆ ಸದ್ದು ಸಿಗುತ್ತದೆ ಎಂದ ಕಿರಣನಿಗೆ ಅವಳು, "ಯಾವ್ದೋ ಪೊರಕೆ ಹಾಕಿದ್ರೆ ನಮ್ಮಮ್ಮನ ಹಾಡಾಗುತ್ತೇನೋ?" ಎಂದಳು. ಉಳಿದದ್ದು ಒಂದೇ ದಾರಿ. ಅಂದೇ ಸಂಜೆ ಅವಳ ಮನೆಗೆ ಹೋಗಿ ಮುನಿಯಮ್ಮನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು, ಇನ್ನೊಮ್ಮೆ ಗುಡಿಸಿಕೊಡಿ ಎಂದು ಕೇಳಿಕೊಂಡೆ.

ಅವರು ಮೊದಲು ಮಗಳ ಕಡೆ ತಿರುಗಿದರು. "ಕಳ್ಳರ ಥರ ಕಸದ ಗಾಡಿ ಹಿಂದೆ ಕೂತು ಹಿಡ್ಕೊಂಡ್ರಾ? ಒಂದ್ ಮಾತು ಹೇಳಿದ್ರೆ ಇನ್ನೂ ಚೆಂದಾಗಿ ಗುಡಿಸ್ತಿರ್ಲಿಲ್ವೇನೇ!" ಆಮೇಲೆ ನನ್ನ ಕಡೆ. "ನೀವೂ ಅಷ್ಟೇ ಸಾಮಿ. ಅಳಿಸೋಕ್ ಮುಂಚೆ ಇದೇನು ಅಂತ ಕೇಳ್ಬಾರ್ದಾ?" ಬೈದ ಬೆನ್ನಿಗೇ ನಕ್ಕು, ಟೀ ಇಡಲು ಎದ್ದರು.

ಬುಧವಾರ ಬೆಳಿಗ್ಗೆ ಉದ್ದ ಕೋಲಿನ ಕಡ್ಡಿ ಪೊರಕೆ ಹಿಡಿದು ಸ್ಟುಡಿಯೋಗೆ ಬಂದರು. ನಮ್ಮ ನೆಲದ ಕಾರ್ಪೆಟ್ ಮೇಲೆ ಎರಡು ಸಲ ಎಳೆದು, "ಇದ್ರಲ್ಲಿ ಜೀವ ಇಲ್ಲ," ಎಂದು ಹೊರನಡೆದರು. ರಸ್ತೆಯ ತುಂಬ ಹೊಂಗೆಯ ಎಲೆ ಉದುರಿತ್ತು. ಮೈಕ್ ನಿಲ್ಲಿಸಿದೆವು. ಆದರೆ ಮುನಿಯಮ್ಮ ಪೊರಕೆ ಊರಲೇ ಇಲ್ಲ.

"ಈ ರೋಡು ಯಾರ್ದು?"

ಮೂವತ್ತು ವರ್ಷದಿಂದ ಅಲ್ಲಿದ್ದರೂ ನಮ್ಮ ರಸ್ತೆ ಗುಡಿಸುವವರ ಹೆಸರು ನನಗೆ ಗೊತ್ತಿರಲಿಲ್ಲ. ಒಬ್ಬರ ರಸ್ತೆಗೆ ಇನ್ನೊಬ್ಬರು ಕೇಳದೆ ಪೊರಕೆ ಹಾಕಬಾರದಂತೆ. ಹಾಕಿದರೆ ಆಕೆ ಕೆಲಸ ಮಾಡಿಲ್ಲ ಎಂದು ಮೇಸ್ತ್ರಿಗೆ ತೋರಿಸಿಕೊಟ್ಟ ಹಾಗೆ. ಮುಕ್ಕಾಲು ಗಂಟೆ ಕಾದೆವು. ಪಕ್ಕದ ಕ್ರಾಸ್ ಮುಗಿಸಿ ಬಂದವರ ಹೆಸರು ಗೌರಮ್ಮ.

ವಿಷಯ ಕೇಳಿ ಆಕೆ ಸೊಂಟಕ್ಕೆ ಕೈ ಕೊಟ್ಟರು. "ಗುಡ್ಸಕ್ಕ, ಬ್ಯಾಡ ಅಂದೋರ್ಯಾರು? ಆದ್ರೆ ನೀನೊಬ್ಳೇ ಯಾಕೆ? ರೋಡು ನಂದು, ನನ್ ಸದ್ದೂ ಬರ್ಲಿ."

ರಸ್ತೆಯ ಆ ಬದಿಯಿಂದ ಒಬ್ಬರು, ಈ ಬದಿಯಿಂದ ಇನ್ನೊಬ್ಬರು. ಮುನಿಯಮ್ಮನವರದು ಉದ್ದನೆಯ ಎಳೆತ. ಅದರ ನಡುವಿನ ಬಿಡುವಿನಲ್ಲಿ ಗೌರಮ್ಮನವರ ಗಿಡ್ಡ ಎಳೆತ. ಒಣ ಎಲೆಯ ಮೇಲೊಂದು ನಾದ, ಬರಿ ಟಾರಿನ ಮೇಲೊಂದು. ಮಂಡಿಯೂರಿದ್ದ ಕಿರಣ "ಸಖತ್, ಸಖತ್" ಎಂದು ಬಾಯಲ್ಲೇ ಪಿಸುಗುಟ್ಟುತ್ತಿದ್ದ. ಹಾಡಿನ ವೇಗವನ್ನು ನಾವು ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಅಳೆಯುತ್ತೇವೆ. ಹಳೆಯದು ಎಂಬತ್ತೆಂಟು, ಇದು ಎಪ್ಪತ್ತಾರು. ಮುದ್ರಿಸಿದ್ದ ಮಾತು ಇದಕ್ಕೆ ಕೂರಲಿಲ್ಲ.

"ಕಂಪ್ಯೂಟರಲ್ಲಿ ಅಮ್ಮನನ್ನ ಸ್ವಲ್ಪ ಫಾಸ್ಟ್ ಮಾಡ್ಲಾ?" ಎಂದು ಕೇಳಿದೆ. ಈ ಸಲ ಕೇಳಿದೆ.

"ಬೇಡ ಅಂಕಲ್, ನಾವೇ ನಿಧಾನ ಆಗ್ತೀವಿ," ಎಂದಳು ರೇಣುಕಾ. ಗುರುವಾರವೆಲ್ಲ ನಿಂತು ಅವಳೂ ಬಸುವೂ ಹೊಸದಾಗಿ ಹಾಡಿದರು. ಓಡುತ್ತಿದ್ದ ಮಾತುಗಳು ಈಗ ಒಂದೊಂದಾಗಿ ಎದೆಗೆ ಬಂದು ಕೂತವು.

ಭಾನುವಾರ ಸಭಾಂಗಣದ ಮೊದಲ ಸಾಲಿನಲ್ಲಿ ಇಬ್ಬರೂ ಹೆಂಗಸರು ಹೊಸ ಸೀರೆಯಲ್ಲಿ ಕೂತಿದ್ದರು. ಎಂಟನೆಯ ಹಾಡು ಶುರುವಾಯಿತು. ಗೌರಮ್ಮ ಪಕ್ಕೆಗೆ ತಿವಿದು, "ಅಕ್ಕಾ, ಅದು ನಂದು!" ಎಂದರು.

"ಸುಮ್ನಿರೇ, ಮೊದಲ್ನೇದು ನಂದು," ಎಂದ ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಯಾವುದು ಗಲಾಟೆ, ಯಾವುದು ನಾದ ಎಂಬುದು ನನ್ನ ಕಿವಿಗೆ ಗೊತ್ತು ಎಂದುಕೊಂಡೇ ಮೂವತ್ತು ವರ್ಷ ಕಳೆದಿದ್ದೆ. ಅದನ್ನು ಹೇಳಬೇಕಾದವರು ಆ ಸದ್ದಿನ ಒಡೆಯರು ಎಂದು ಕಲಿತದ್ದು ಆ ವಾರದಲ್ಲಿ. ಈಗ ಯಾರೇ ಬರಲಿ, ಸಾಫ್ಟ್‌ವೇರ್ ತೆರೆಯುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳುತ್ತೇನೆ. ಮೊನ್ನೆ ಭಜನಾ ಮಂಡಳಿಯೊಂದರ ರೆಕಾರ್ಡಿಂಗ್‌ನಲ್ಲಿ ಚಟಪಟ ಎಂಬ ಸದ್ದಿತ್ತು. ಏನೋ ಅಪರೂಪದ ವಾದ್ಯ ಇರಬೇಕೆಂದು ಭಕ್ತಿಯಿಂದಲೇ ವಿಚಾರಿಸಿದೆ.

"ಅಯ್ಯೋ, ಅದಾ? ತೆಗೀರಿ ಸಾರ್, ನಮ್ಮತ್ತೆ ಒಗ್ಗರಣೆ ಹಾಕ್ತಿದ್ರು," ಎಂದರು ಅದನ್ನು ತಂದಿದ್ದ ಹೆಂಗಸು.

ತೆಗೆದೆ, ಅತ್ತೆಯವರಿಗೂ ಒಂದು ಫೋನ್ ಮಾಡಿಸಿ, ಕೇಳಿಯೇ ತೆಗೆದೆ.